ಕಡಿಯುವ ಹಲ್ಲಲ್ಲ, ಕಚ್ಚುವ ಹಲ್ಲು

ನಮ್ಮ ಕಡೆಯವರ ಹಲ್ಲುನೋವಿಗೆ ಅರ್ಧ ಕಾರಣ ಕೊಬ್ಬರಿ ಎಂದು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆ. ಆ ಮಾತೇ ಒಂದು ಸಲ ನನ್ನನ್ನು ಸರಿಯಾಗಿ ಹಳ್ಳಕ್ಕೆ ಕೆಡವಿತು.

ತಿಪಟೂರಿನಲ್ಲಿ ನನ್ನ ಹಲ್ಲಿನ ಆಸ್ಪತ್ರೆ ಇರುವುದು ಮಾರುಕಟ್ಟೆ ಕಡೆ ಹೋಗುವ ರಸ್ತೆಯಲ್ಲಿ. ಕೊಬ್ಬರಿ ಹರಾಜಿನ ದಿನ ನನ್ನ ಕುರ್ಚಿಗೆ ಪುರುಸೊತ್ತಿರುವುದಿಲ್ಲ. ಹೇಗೂ ಊರಿಂದ ಬಂದಿದ್ದೇವೆ, ಹಲ್ಲೂ ತೋರಿಸಿಕೊಂಡು ಹೋಗೋಣ ಎಂದು ಬರುವವರೇ ಹೆಚ್ಚು. ಒಣಗಿ ಗಟ್ಟಿಯಾದ ಉಂಡೆ ಕೊಬ್ಬರಿಯನ್ನು ಬೆಲ್ಲದ ಜೊತೆ ಕಟಕಟ ಕಡಿದು, ದವಡೆ ಹಲ್ಲು ಸೀಳಿಸಿಕೊಂಡು ಬಂದು ಕೂರುತ್ತಾರೆ. ಬೈದರೆ, "ತಿಪಟೂರಾಗಿದ್ಕಂಡು ಕೊಬ್ಬರಿ ತಿನ್ಬ್ಯಾಡ ಅಂದ್ರೆ ಎಂಗೆ ಡಾಕ್ಟ್ರಮ್ಮ?" ಎಂದು ನನ್ನನ್ನೇ ಕೇಳುತ್ತಾರೆ. ಹೀಗಾಗಿ ಯಾರಾದರೂ ಕೆನ್ನೆ ಹಿಡಿದುಕೊಂಡು ಒಳಗೆ ಬಂದರೆ ನನ್ನ ಮೊದಲ ಪ್ರಶ್ನೆ, "ಕೊಬ್ಬರಿ ಕಡಿದ್ರಾ?"

ಅಂಥ ಒಂದು ಹರಾಜಿನ ದಿನ ಮಧ್ಯಾಹ್ನ ಅರಳಗುಪ್ಪೆ ಕಡೆಯ ಒಬ್ಬ ತಾಯಿ ತಮ್ಮ ಮಗನನ್ನು ಕರೆದುಕೊಂಡು ಬಂದರು. ಮಗನಿಗೆ ಮೂವತ್ತರ ಆಚೀಚೆ. ಬೆನ್ನು ನೆಟ್ಟಗೆ, ಕೂದಲು ಗಿಡ್ಡ, ಚಪ್ಪಲಿ ಹೊರಗೆ ಬಿಟ್ಟಿದ್ದೂ ಸಾಲಾಗಿ ಜೋಡಿಸಿಯೇ. ನಾನು ಪೊಲೀಸ್ ಇರಬೇಕು ಎಂದುಕೊಂಡೆ. ತಾಯಿಯೇ ಹೇಳಿದರು, "ಇವ್ನು ಇಮಾನ ಓಡಿಸ್ತಾನೆ ಕಣಮ್ಮ. ಜನ ಕೂರೋದಲ್ಲ, ಯುದ್ಧದ್ದು. ಇಪ್ಪತ್ತು ದಿನ ರಜ ಹಾಕ್ಕಂಡು ಬಂದವ್ನೆ. ಬಂದಾಗ್ಲಿಂದ ಊಟಾನೇ ಸರಿಯಾಗಿ ಮಾಡ್ತಿಲ್ಲ." ಹೇಳುವಾಗ ಅವರು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದರು. ನಮ್ಮ ಕಡೆ ಎಷ್ಟೋ ಹೆಂಗಸರು ಹಾಗೆ ಮಾಡುತ್ತಾರೆ, ನಾನು ಗಮನಿಸಲಿಲ್ಲ.

ಬಲಗಡೆ ಕೆಳದವಡೆಯ ಹಲ್ಲು. ಅಗಿದರೆ ನೋವು, ಬೆಳಿಗ್ಗೆಗಿಂತ ಸಂಜೆ ಜಾಸ್ತಿ, ಕಿವಿಯವರೆಗೂ ಎಳೆಯುತ್ತದೆ ಎಂದು ಮಗ ಹೇಳಿದರು. ಆ ಹಲ್ಲಿನಲ್ಲಿ ಹಳೆಯದೊಂದು ಸಿಮೆಂಟು ತುಂಬಿಸಿದ್ದು ಇತ್ತು. ಎಕ್ಸ್‌ರೇ ತೆಗೆದೆ. ಹುಳುಕಿಲ್ಲ, ಬೇರಿನ ತುದಿಯಲ್ಲಿ ಕಪ್ಪಿಲ್ಲ. ತಣ್ಣೀರು ಬಿಟ್ಟೆ, ಸಹಜವಾಗಿಯೇ ಇತ್ತು. ಹತ್ತಿಯ ಸುರುಳಿಯೊಂದನ್ನು ಇಟ್ಟು ಅದುಮಿಸಿ ನೋಡಿದೆ, ಸೀಳು ಬಿಟ್ಟ ಹಲ್ಲಾಗಿದ್ದರೆ ಬಿಟ್ಟ ಕೂಡಲೇ ಚಳಕ್ ಎನ್ನಬೇಕಿತ್ತು, ಎನ್ನಲಿಲ್ಲ. ಆದರೂ ನನ್ನ ತಲೆಯಲ್ಲಿ ಕೊಬ್ಬರಿ ಕೂತುಬಿಟ್ಟಿತ್ತು.

"ಊರಿಗೆ ಬಂದವರು ಕೊಬ್ಬರಿ ಕಡಿದ್ರಾ?"

"ಮೊದಲನೇ ದಿನಾನೇ ಡಾಕ್ಟ್ರೇ," ಎಂದು ನಕ್ಕರು. "ಅವ್ವ ಅಟ್ಟದಿಂದ ಇಳಿಸಿ ಒಡೆದಿದ್ರು."

ಅಲ್ಲಿಗೆ ನನಗೆ ಎಲ್ಲ ಬಗೆಹರಿದ ಹಾಗಾಯಿತು. ಪುಸ್ತಕದಲ್ಲಿ ಕೇಳಬೇಕೆಂದು ಇರುವ ಇನ್ನೊಂದು ಪ್ರಶ್ನೆಯನ್ನೂ ಕೇಳಿದೆ. "ನಿದ್ದೆಯಲ್ಲಿ ಹಲ್ಲು ಕಡೀತೀರಾ?" ಅವರು ಇಲ್ಲವೆಂದರು. ತಾಯಿಗಂತೂ ಪ್ರಶ್ನೆಯೇ ಹಿಡಿಸಲಿಲ್ಲ. "ಹೊಟ್ಟೇಲಿ ಹುಳ ಇರೋ ಮಕ್ಕಳು ಕಡೀತವೆ, ಇಲ್ಲ ಯಾರ ಮ್ಯಾಲಾದ್ರೂ ಸಿಟ್ಟಿದ್ರೆ ಕಡೀತಾರೆ. ನನ್ ಮಗ ಯಾರ ಮ್ಯಾಲೂ ಹಲ್ಲು ಕಡಿಯೋನಲ್ಲ ಕಣಮ್ಮ," ಎಂದು ಮುಖ ದಪ್ಪ ಮಾಡಿಕೊಂಡರು. ನಾನು ನೀಲಿ ಕಾಗದ ಇಟ್ಟು ಹಲ್ಲು ಕೂಡುವ ಜಾಗ ನೋಡಿ, ಹಳೆಯ ಸಿಮೆಂಟಿನ ಉಬ್ಬಿದ ಚೂರನ್ನು ತೆಳ್ಳಗೆ ಉಜ್ಜಿ, ಕೊಬ್ಬರಿ ಬೇಡವೆಂದು ಹೇಳಿ ಕಳಿಸಿದೆ.

ನಾಲ್ಕು ದಿನಕ್ಕೆ ಅವರು ಒಬ್ಬರೇ ಬೈಕಿನಲ್ಲಿ ವಾಪಸ್ಸು ಬಂದರು. ನೋವು ಕಡಿಮೆಯಾಗುವುದಿರಲಿ, ಈಗ ಮೇಲಿನ ಹಲ್ಲಿಗೂ ಹತ್ತಿತ್ತು.

"ನರ ತೆಗೆದುಬಿಡಿ ಡಾಕ್ಟ್ರೇ," ಎಂದರು. "ರೂಟ್ ಕೆನಾಲ್ ಮಾಡಿಸಿದ್ರೆ ಆ ಹಲ್ಲು ಮತ್ತೆ ನೋಯೋ ಹಾಗೇ ಇಲ್ಲವಂತಲ್ಲ. ನಾನು ವಾಪಸ್ಸು ಹೋಗೋಷ್ಟರಲ್ಲಿ ಮುಗಿದುಹೋಗಲಿ."

ಕೇಳಿದ್ದನ್ನು ಮಾಡಿಕೊಡುವುದು ಸುಲಭ. ರೋಗಿಯೇ ಕೇಳುತ್ತಿದ್ದಾನೆ, ಹಲ್ಲಿನಲ್ಲಿ ಹಳೆಯ ಸಿಮೆಂಟಿದೆ, ನೋವಿದೆ. ನಾನೂ ಒಪ್ಪಿಕೊಂಡೆ. ಸಹಾಯಕಿ ಟ್ರೇ ಸಿದ್ಧ ಮಾಡಿದಳು. ಕೆಳದವಡೆಯ ನರಕ್ಕೆ ಅರಿವಳಿಕೆ ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷ ಬಿಟ್ಟೆ. ತುಟಿ ದಪ್ಪವಾದ ಹಾಗಾಯಿತೇ ಎಂದೆ, ಆಯಿತು ಎಂದರು. ಪ್ರೋಬಿನ ಮೊನೆಯಲ್ಲಿ ಒಸಡು ಚುಚ್ಚಿದೆ, ಗೊತ್ತಾಗಲಿಲ್ಲ. ಕನ್ನಡಿಯ ಹಿಡಿಯಿಂದ ಹಲ್ಲನ್ನು ತಟ್ಟಿದೆ, ಯಾರದೋ ಹಲ್ಲು ತಟ್ಟಿದ ಹಾಗಿದೆ ಎಂದರು. ಡ್ರಿಲ್ ಕೈಗೆತ್ತಿಕೊಂಡೆ. ಕಾಲು ಪೆಡಲಿನ ಮೇಲಿತ್ತು. ಸುಮ್ಮನೆ ಮಾತಿಗೆಂದು, "ಈಗ ನೋವೆಲ್ಲ ಹೋಯ್ತಲ್ಲ?" ಎಂದೆ.

"ಇಲ್ಲ ಡಾಕ್ಟ್ರೇ. ಹಲ್ಲು ಮರಗಟ್ಟಿದೆ. ನೋವು ಅಲ್ಲೇ ಇದೆ."

ನಾನು ಪೆಡಲಿನಿಂದ ಕಾಲು ತೆಗೆದೆ. ಹಲ್ಲು ಮಲಗಿದ ಮೇಲೂ ನೋವು ಎದ್ದಿದೆ ಎಂದರೆ ಅದು ಹಲ್ಲಿನ ನೋವಲ್ಲ. ಇಷ್ಟು ಮೊದಲನೇ ವರ್ಷದ ವಿದ್ಯಾರ್ಥಿಗೂ ಗೊತ್ತು. ಒಂದು ನಿಮಿಷ ಮುಂಚೆ ಪೆಡಲ್ ಒತ್ತಿದ್ದರೆ ಚೆನ್ನಾಗಿರುವ ಹಲ್ಲೊಂದರ ಜೀವ ತೆಗೆದಿರುತ್ತಿದ್ದೆ. ನಾಚಿಕೆಯಾಯಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಡ್ರಿಲ್ ಕೆಳಗಿಟ್ಟು, ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ ಶುರು ಮಾಡಿದೆ. ಎಡಗಡೆ ಕೆನ್ನೆಯ ಸ್ನಾಯುವನ್ನು ಬೆರಳಿನಿಂದ ಒತ್ತುತ್ತಾ ಬಂದೆ, ಗಟ್ಟಿಯಿತ್ತು. ಬಲಗಡೆ ಒತ್ತಿದಾಗ ದವಡೆಯ ಮೂಲೆಗಿಂತ ಒಂದು ಬೆರಳು ಮೇಲೆ ಹುಣಸೇಬೀಜದಷ್ಟು ಗಂಟು ಸಿಕ್ಕಿತು. ಅದನ್ನು ಅದುಮಿ ಹಿಡಿದರೆ ಮನುಷ್ಯ ಕುರ್ಚಿಯಿಂದ ಅರ್ಧ ಎದ್ದುಬಿಟ್ಟರು. "ಅದೇ! ಅದೇ ಹಲ್ಲುನೋವು!" ಎಂದರು. ಕಣತಲೆಯ ಹತ್ತಿರ ಒತ್ತಿದೆ, ಮೇಲಿನ ಹಲ್ಲಿನ ನೋವೂ ಬಂತು. ಬಾಯಿ ಅಗಲಿಸಲು ಹೇಳಿ ಸ್ಕೇಲ್ ಇಟ್ಟರೆ ಮೂರು ಸೆಂಟಿಮೀಟರೂ ಇಲ್ಲ. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು, ಕೆನ್ನೆಯ ಒಳಗೆ ಬಿಳಿಯ ಗೆರೆ. ಎಲ್ಲವೂ ಮೊದಲ ದಿನವೂ ಅಲ್ಲೇ ಇದ್ದವು. ನಾನು ಕೊಬ್ಬರಿ ಹುಡುಕುತ್ತಿದ್ದೆ.

ಆದರೆ ಸ್ನಾಯು ಯಾಕೆ ಹೀಗೆ ಬಿಗಿಯಿತು? ನಿದ್ದೆಯಲ್ಲಿ ಕಡಿಯುವುದೇ ಇಲ್ಲವೆಂದು ಇವರ ಮಾತು. ಪಕ್ಕದಲ್ಲಿ ಮಲಗುವವರಿಗಿಂತ ಒಳ್ಳೆಯ ಸಾಕ್ಷಿಯಿಲ್ಲ ಎಂದು ಹೆಂಡತಿಗೆ ಅವರಿಂದಲೇ ಫೋನ್ ಮಾಡಿಸಿದೆ. ಆಕೆ ಸ್ಪೀಕರಿನಲ್ಲಿ ನಕ್ಕುಬಿಟ್ಟರು. "ಇವರು ಮಲಗಿದ್ರೆ ಉಸಿರಾಡ್ತಾರೋ ಇಲ್ವೋ ಅಂತ ನಾನೇ ಎದ್ದು ನೋಡಬೇಕು ಮೇಡಂ, ಅಷ್ಟು ನಿಶ್ಶಬ್ದ."

ಬಿಸಿನೀರಿನ ಬಟ್ಟೆಯ ಶಾಖ, ಎರಡು ದಿನ ಗಟ್ಟಿ ಪದಾರ್ಥ ಬೇಡ ಎಂದು ಹೇಳಿ ಕಳಿಸಿದೆ. ಏನು ತಿನ್ನಲಿ ಎಂದರು. ನಮ್ಮ ಕಡೆಯವರಿಗೆ ಆ ಯೋಚನೆ ಯಾಕೆ? ಮುದ್ದೆಯನ್ನು ಅಗಿಯುವುದೇ ಇಲ್ಲ, ನುಂಗುವುದು. ದವಡೆಗೆ ರಜ ಕೊಡಲು ರಾಗಿಮುದ್ದೆಗಿಂತ ಒಳ್ಳೆಯ ಊಟವನ್ನು ಯಾವ ಪುಸ್ತಕವೂ ನನಗೆ ಹೇಳಿಕೊಟ್ಟಿಲ್ಲ.

ಎರಡು ದಿನ ಬಿಟ್ಟು ತಾಯಿ ಮಗ ಇಬ್ಬರೂ ಬಂದರು. ಮಗ ಹೊರಗೆ ಬೈಕ್ ನಿಲ್ಲಿಸುತ್ತಿದ್ದರು, ತಾಯಿ ಮೊದಲು ಒಳಗೆ ಬಂದರು. ಮುದ್ದೆ ಬರೆದುಕೊಟ್ಟ ಡಾಕ್ಟರು ಎಂದು ನನ್ನ ಮೇಲಿನ ಅವರ ಸಿಟ್ಟು ಅಷ್ಟು ಹೊತ್ತಿಗೆ ಇಳಿದಿತ್ತು. ನಾನು ಸೋತವಳ ಹಾಗೆ ಮತ್ತೆ ಅದನ್ನೇ ಕೇಳಿದೆ. "ಚಿಕ್ಕವರಿದ್ದಾಗಲಾದರೂ ಹಲ್ಲು ಕಡೀತಿದ್ರಾ ಅಮ್ಮ?"

"ಇಲ್ಲ ಅಂತ ಎಷ್ಟು ಸಲ ಹೇಳ್ಲಿ ಕಣಮ್ಮ. ಅವ್ನು ಕಡಿಯಲ್ಲ. ಕಚ್ತಾನೆ."

"ಏನು?"

"ಹಲ್ಲು ಕಚ್ಕಂಡಿರ್ತಾನೆ. ಆರೇಳು ವರ್ಷದೋನು, ತೋಟದಾಗೆ ಕಾಲಿಗೆ ಮುಳ್ಳು ಮುರುದಿತ್ತು. ಅವರಪ್ಪ ಪಿನ್ನಾಕಿ ಕೀಳ್ತಾವ್ರೆ, ಇವ್ನು ಕಮಕ್ ಕಿಮಕ್ ಅನ್ನಲಿಲ್ಲ. ಹಲ್ಲು ಕಚ್ಕಂಡು ಕೂತಿದ್ದ. ಈಗ್ಲೂ ಅಷ್ಟೇಯ. ಮೊನ್ನೆ ಕಾಯಿ ಸುಲಿಯೋಕೆ ಕೂತ. ಒಂದೊಂದು ಕಾಯಿಗೂ ಕೆನ್ನೆ ಉಬ್ತಿತ್ತು, ನಾನೇ ನೋಡ್ದೆ."

ನಾನು ಬೆಪ್ಪಾಗಿ ನಿಂತೆ. ಕಡಿಯುವುದು ಬೇರೆ, ಕಚ್ಚುವುದು ಬೇರೆ. ನಾನು ಒಂದು ವಾರದಿಂದ ಸದ್ದು ಬರುವ ಹಲ್ಲನ್ನು ಕೇಳುತ್ತಿದ್ದೆ, ಇವರದು ಸದ್ದೇ ಮಾಡದ ಹಲ್ಲು. ಕಡಿಯುತ್ತೀಯಾ ಎಂದು ಕೇಳಿದರೆ ಇಲ್ಲ ಎಂದು ಸತ್ಯವನ್ನೇ ಹೇಳುತ್ತಿದ್ದರು. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಮಾತಿದೆ, ನನ್ನ ಬಾಯಲ್ಲಿ ಒಂದೇ ಇತ್ತು.

ಮಗನನ್ನು ಕುರ್ಚಿಯಲ್ಲಿ ಕೂರಿಸಿ, ವಿಮಾನದಲ್ಲಿ ಹೇಗೆ ಕೂರುತ್ತೀರೋ ಹಾಗೆ ಕೂತು, ಅಲ್ಲಿ ಏನು ಮಾಡುತ್ತೀರೋ ಅದನ್ನು ಮಾಡಿ ತೋರಿಸಿ ಎಂದೆ. ನನ್ನ ಎರಡೂ ಕೈಯ ಬೆರಳು ಅವರ ಕೆನ್ನೆಯ ಮೇಲಿದ್ದವು.

"ಜೋರಾಗಿ ತಿರುಗಿಸುವಾಗ ಮೈಮೇಲೆ ಐದಾರು ಜನ ಕೂತ ಹಾಗಾಗುತ್ತೆ ಡಾಕ್ಟ್ರೇ," ಎಂದು ವಿವರಿಸಿದರು. "ರಕ್ತ ಎಲ್ಲ ಕಾಲಿಗಿಳಿದು ಕಣ್ಣು ಕತ್ತಲೆ ಬರುತ್ತೆ. ಅದು ಇಳಿಯದ ಹಾಗೆ ಮೀನಖಂಡ, ತೊಡೆ, ಹೊಟ್ಟೆ ಬಿಗಿ ಹಿಡೀಬೇಕು. ಉಸಿರು ಕಟ್ಟಿ, ಮೂರು ಎಣಿಸೋದರೊಳಗೆ ಚೂರು ಬಿಟ್ಟು, ಮತ್ತೆ ಎಳ್ಕೋಬೇಕು. ಅಷ್ಟರಲ್ಲೇ ತಲೆ ತಿರುಗಿಸಿ ಹಿಂದೆ ಯಾರಿದ್ದಾರೆ ಅಂತ ನೋಡಬೇಕು. ಹೆಲ್ಮೆಟ್ಟು, ಮಾಸ್ಕು ಎಲ್ಲ ಮುಖದ ಮೇಲೇ."

ಮಾಡಿ ತೋರಿಸಿದರು. ಕಾಲು ಬಿಗಿಯಿತು, ಹೊಟ್ಟೆ ಬಿಗಿಯಿತು, ಆ ಕೂಡಲೇ ನನ್ನ ಬೆರಳಿನ ಕೆಳಗೆ ಎರಡೂ ಕೆನ್ನೆ ಕಲ್ಲಾದವು. ಉಸಿರು ಬಿಟ್ಟಾಗ ಕಾಲು ಸಡಿಲವಾಯಿತು, ಕೆನ್ನೆ ಆಗಲಿಲ್ಲ.

"ಈಗ ಏನೇನು ಬಿಗಿ ಹಿಡಿದಿದ್ರಿ?"

"ಕಾಲು, ತೊಡೆ, ಹೊಟ್ಟೆ."

"ಹಲ್ಲು?"

"ಹಲ್ಲು ಯಾರು ಹಿಡಿದ್ರು?" ಎಂದರು. ಅವರದೇ ಕೈ ತೆಗೆದು ಕೆನ್ನೆಯ ಮೇಲಿಟ್ಟೆ. ಮತ್ತೊಮ್ಮೆ ಮಾಡಿದರು. ಕೈ ತೆಗೆಯದೆ ಇನ್ನೊಂದು ಸಲವೂ ಮಾಡಿ ನೋಡಿದರು.

ಕಾರಣ ಸಿಕ್ಕಿತು, ಇನ್ನು ಕೆಲಸ ಸಲೀಸು ಎಂದುಕೊಂಡೆ. ಮೇಲಿನ ಹಲ್ಲುಸಾಲಿಗೆ ಒಂದು ನೈಟ್ ಗಾರ್ಡ್ ಮಾಡುವುದು ನನ್ನ ಯೋಜನೆ. ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ಕಿನ ಕವಚ ಅದು. ಮಲಗುವಾಗ ಹಾಕಿಕೊಂಡರೆ ಹಲ್ಲಿಗೆ ಹಲ್ಲು ಸಿಗುವುದಿಲ್ಲ, ಸೋತ ಸ್ನಾಯುವಿಗೆ ವಿಶ್ರಾಂತಿ. ಬಾಯಿ ಪೂರ್ತಿ ತೆರೆಯದ ಕಾರಣ ಅಚ್ಚು ತೆಗೆಯುವ ಟ್ರೇ ಒಳಗೆ ಹೋಗಲೇ ಒಪ್ಪಲಿಲ್ಲ, ಮಕ್ಕಳ ಅಳತೆಯದನ್ನು ಅಂಚು ಬಗ್ಗಿಸಿ ತೂರಿಸಿದೆ. ಆಮೇಲೆ ಮೇಲಿನ ಕೆಳಗಿನ ದವಡೆ ಯಾವ ಸ್ಥಿತಿಯಲ್ಲಿ ಕೂಡುತ್ತವೆ ಎಂದು ಮೇಣದ ಪಟ್ಟಿಯ ಮೇಲೆ ಗುರುತು ತೆಗೆಯಬೇಕು. ಮೆತ್ತಗೆ ಮಾಡಿದ ಮೇಣ ಇಟ್ಟು, ದಿನಕ್ಕೆ ನಲವತ್ತು ಸಲ ಹೇಳುವ ಮಾತನ್ನೇ ಹೇಳಿದೆ. "ಕಚ್ಚಿ."

ಸಿಪಾಯಿ ಮನುಷ್ಯ. ಕಚ್ಚಿ ಎಂದರೆ ಕಚ್ಚಿದರು.

ತುಮಕೂರಿನ ಲ್ಯಾಬಿನಿಂದ ನಾಲ್ಕನೇ ದಿನ ಗಾರ್ಡ್ ಬಂತು. ಹಾಕಿಕೊಂಡು ಹೋದವರು ಎರಡು ರಾತ್ರಿಗೆ ವಾಪಸ್ಸು. ದವಡೆ ಇನ್ನೂ ಬಿಗಿದಿತ್ತು, ಬಾಯಿ ಇನ್ನೂ ಕಿರಿದಾಗಿತ್ತು. ಲ್ಯಾಬಿನವರನ್ನು ಫೋನಿನಲ್ಲಿ ಬೈಯಲು ಶುರು ಮಾಡಿ, ಅರ್ಧಕ್ಕೆ ನನಗೇ ಹೊಳೆದು ಸುಮ್ಮನಾದೆ. ಆ ದಿನ ರೋಗಿ ಬಿಗಿಯಾಗಿ ಕಚ್ಚಿ ದವಡೆ ಒಂದು ಪಕ್ಕಕ್ಕೆ ಎಳೆದುಕೊಂಡಿದ್ದ ಸ್ಥಿತಿಯನ್ನೇ ನಾನು ಮೇಣದಲ್ಲಿ ಹಿಡಿದು ಕಳಿಸಿದ್ದೆ. ಲ್ಯಾಬಿನವರು ಆ ರೋಗಕ್ಕೇ ಸರಿಯಾಗಿ ಕೂರುವ ಕವಚ ಮಾಡಿ ಕೊಟ್ಟಿದ್ದರು. ಹಲ್ಲು ಕಚ್ಚಬೇಡಿ ಎಂದು ಕಾಗದದಲ್ಲಿ ಬರೆದುಕೊಟ್ಟು, ಕಚ್ಚಿ ಎಂದು ಬಾಯಲ್ಲಿ ಹೇಳಿದವಳು ನಾನೇ. ರಜ ಇನ್ನು ಆರು ದಿನ ಉಳಿದಿತ್ತು.

ಮತ್ತೆ ಮೇಣ ಬಿಸಿ ಮಾಡಿದೆ. ಹಲ್ಲು ತಾಕದ ಹಾಗೆ ದವಡೆ ಸುಮ್ಮನೆ ತೂಗುವ ಸ್ಥಿತಿ ನನಗೆ ಬೇಕಿತ್ತು. ಅದಕ್ಕೆ ರೋಗಿಯಿಂದ 'ಮ' ಅಕ್ಷರ ಹೇಳಿಸಬೇಕೆಂದು ನಮಗೆ ಕಲಿಸಿರುತ್ತಾರೆ. "ಅಮ್ಮ ಅನ್ನಿ," ಎಂದೆ. ಅಂದರು. ತುಟಿ ಮುಚ್ಚಿದ್ದರ ಜೊತೆಗೇ ಹಲ್ಲೂ ಟಕ್ಕೆಂದು ಮುಚ್ಚಿದವು. ಸಡಿಲ ಮಾಡಿ ಎಂದೆ, ಮಾಡಿದ್ದೀನಿ ಎಂದರು. ಬೆರಳ ಕೆಳಗೆ ಕಲ್ಲು. ಹೀಗೇ ಹತ್ತು ನಿಮಿಷ ನಡೆಯಿತು. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ತಾಯಿಗೆ ನೋಡಿ ನೋಡಿ ತಡೆಯಲಾಗಲಿಲ್ಲ.

"ಬುಡ್ಲಾ ಮಗ, ಹಲ್ಲು ಬುಡು! ಯಾಕಂಗ್ ಅಮುಕ್ಕಂಡಿದ್ದೀಯ?"

"ಬುಡು ಬುಡು ಅಂತೀಯಲ್ಲವ್ವ, ಬುಟ್ಟೇ ಇದ್ದೀನಿ ಕಣೆ," ಎಂದು ಮಗ ರೇಗಿದರು.

ನನ್ನ ಬೆರಳಿನ ಕೆಳಗೆ ಕೆನ್ನೆ ಎರಡು ಸಲ ಮೆತ್ತಗಾಗಿತ್ತು. ಎರಡೂ ಸಲ 'ಬುಡು' ಎನ್ನುವಾಗ.

ಇನ್ನೊಂದು ಸಲ ಹೇಳಿ ಎಂದೆ. ಅವರಿಗೆ ತಮಾಷೆ ಎನಿಸಿತು, ಹೇಳಿದರು. ಕೆನ್ನೆ ಇಳಿಯಿತು. ಈಗ 'ಬಿಡು' ಅನ್ನಿ, ಪೇಟೆಯವರ ಹಾಗೆ, ಎಂದೆ. ತುಟಿ ಅಗಲವಾಗಿ ಹಲ್ಲು ಹತ್ತಿರ ಬಂದವು. ಮತ್ತೆ ಬುಡು. ತುಟಿ ದುಂಡಾಗುತ್ತದೆ, ನಾಲಿಗೆಯ ತುದಿ ಅಂಗುಳಕ್ಕೆ ಹೋಗುತ್ತದೆ, ದವಡೆ ತಾನಾಗಿ ಕೆಳಗೆ ಜಾರುತ್ತದೆ. ನಾನೇ ಕನ್ನಡಿಯ ಮುಂದೆ ನಿಂತು ಎರಡನ್ನೂ ಅಂದು ನೋಡಿದೆ. ಸಹಾಯಕಿಯೂ ಅಂದಳು. ಕಾಲೇಜಿಗೆ ಸೇರಿದ ಮೊದಲ ವರ್ಷ, ಬುಡು ಅನ್ನಬೇಡ, ಬಿಡು ಅನ್ನು ಎಂದು ಹಾಸ್ಟೆಲಿನಲ್ಲಿ ನನ್ನನ್ನು ಎಷ್ಟು ಗೋಳು ಹುಯ್ದುಕೊಂಡಿದ್ದರು! ಆ ಮಾತನ್ನು ನಾನು ಬಾಯಿಂದ ಕಷ್ಟಪಟ್ಟು ಕಿತ್ತು ಹಾಕಿದ್ದೆ. ಈಗ ಅದನ್ನೇ ಹೇಳಿಸಿ, ಅದು ಮುಗಿಯುವ ಗಳಿಗೆಯಲ್ಲಿ ದವಡೆ ಎಲ್ಲಿ ನಿಂತಿತೋ ಅಲ್ಲಿ ಮೇಣದ ಗುರುತು ತೆಗೆದೆ.

ಎರಡನೇ ಗಾರ್ಡ್ ಸರಿಯಾಗಿ ಕೂತಿತು. ಕವಚ ಅರ್ಧ ಕೆಲಸ, ಉಳಿದರ್ಧ ಅಭ್ಯಾಸ. ದಿನಕ್ಕೆ ಐದು ಸಲ ಕೈಬೆರಳು ಕೆನ್ನೆಯ ಮೇಲಿಟ್ಟು ಬುಡು ಅನ್ನಬೇಕು, ಬೈಕ್ ಹತ್ತುವಾಗ, ಕಾಯಿ ಸುಲಿಯುವಾಗ, ಫೋನಿನಲ್ಲಿ ಕಾದು ನಿಂತಾಗ. ರಜ ಮುಗಿಯುವ ಹಿಂದಿನ ದಿನ ಅಳೆದರೆ ಬಾಯಿ ಮೂರೂವರೆ ಸೆಂಟಿಮೀಟರ್ ದಾಟಿತ್ತು. ಹಲ್ಲುನೋವು ಸಂಜೆಗೆ ಮಾತ್ರ ಉಳಿದಿತ್ತು.

ಆ ದಿನವೇ ನಾವಿಬ್ಬರೂ ಜಗಳಾಡಿದ್ದು.

ನಾನು ಅವರ ಯೂನಿಟ್ಟಿನ ವೈದ್ಯರಿಗೆ ಕಾಗದ ಬರೆದು ಇಟ್ಟಿದ್ದೆ. ಏನು ಕಂಡೆ, ಏನು ಮಾಡಿದೆ, ಏನು ಬಾಕಿ ಎಂದು ಒಂದೂವರೆ ಪುಟ. ಅವರು ಓದಿ ಮಡಿಸಿ ನನ್ನ ಮೇಜಿನ ಮೇಲೇ ಇಟ್ಟರು.

"ಇದು ಬೇಡ ಡಾಕ್ಟ್ರೇ. ಗಾರ್ಡ್ ಕೊಡಿ, ನೋವಿನ ಮಾತ್ರೆ ಬರೆದುಕೊಡಿ, ಸಾಕು."

"ಯಾಕೆ?"

"ಇದನ್ನ ಅವರ ಕೈಗೆ ಕೊಟ್ರೆ ಮೊದಲು ಮಾಡೋ ಕೆಲಸ ನನ್ನ ಹಾರಾಟ ನಿಲ್ಲಿಸೋದು. ಮುಂದಿನ ತಿಂಗಳು ತರಬೇತಿ ಕೊಡೋರ ಕೋರ್ಸಿಗೆ ನನ್ನ ಹೆಸರು ಬಂದಿದೆ. ಮೂರು ವರ್ಷ ಕಾದಿದ್ದೀನಿ. ಒಂದು ಹಲ್ಲುನೋವಿಗೆ ಅದನ್ನ ಕಳ್ಕೊಳ್ಳಲಾ?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನನಗೂ ಕನಿಕರವಾಯಿತು. ಒಂದು ಕ್ಷಣ ಕಾಗದ ಹರಿದುಬಿಡೋಣ ಎಂದೂ ಅನಿಸಿತು. ನಾನು ಸರ್ಕಾರಿ ವೈದ್ಯೆಯಲ್ಲ, ನನ್ನನ್ನು ಯಾರೂ ಕೇಳುವವರಿಲ್ಲ. ಆದರೂ ಒಂದು ಮಾತು ಕೇಳಿದೆ. "ಮೇಲೆ ಇದ್ದಾಗ ಇದರಿಂದ ಏನಾದ್ರೂ ತೊಂದರೆ ಆಗಿದೆಯಾ? ನಿಜ ಹೇಳಿ."

ಅವರು ಬಾಗಿಲ ಕಡೆ ನೋಡಿದರು. ತಾಯಿ ಹೊರಗಿನ ಬೆಂಚಿನಲ್ಲಿದ್ದರು. ದನಿ ತಗ್ಗಿಸಿದರು. "ಒಂದು ಸಲ. ತಿರುವು ಮುಗಿದಿತ್ತು. ರೇಡಿಯೋದಲ್ಲಿ ನನ್ನ ಕರೆದ್ರು. ದವಡೆ ಹಿಡ್ಕೊಂಡಿತ್ತು, ಬಾಯಿ ಬಿಡೋಕಾಗಲಿಲ್ಲ. ಎರಡು ಮೂರು ಸೆಕೆಂಡು ಅಷ್ಟೇ."

ಆ ಮೇಲೆ ನನಗೆ ಯೋಚಿಸುವುದು ಉಳಿಯಲಿಲ್ಲ.

"ನೋಡಿ, ನಾನು ಹಲ್ಲಿನ ಡಾಕ್ಟರು," ಎಂದೆ. "ಕಾಲು ಬಿಗಿ ಹಿಡೀರಿ, ಹಲ್ಲು ಬುಡಿ ಅಂತ ಈ ಕುರ್ಚೀಲಿ ಕೂರಿಸಿ ಹೇಳಿಕೊಟ್ಟಿದ್ದೀನಿ. ಇಲ್ಲಿ ನೀವು ತಪ್ಪಾಗಿ ಹೊಟ್ಟೇನೂ ಸಡಿಲ ಮಾಡಿದ್ರೆ ಏನೂ ಆಗಲ್ಲ. ಅಲ್ಲಿ ಮಾಡಿದ್ರೆ ಕಣ್ಣು ಕತ್ತಲೆ ಬರುತ್ತೆ ಅಂತ ನೀವೇ ಹೇಳಿದ್ರಿ. ಯಾವುದನ್ನ ಹಿಡೀಬೇಕು, ಯಾವುದನ್ನ ಬಿಡಬಹುದು ಅಂತ ನೆಲದ ಮೇಲೆ ನಿಲ್ಲಿಸಿ ಕಲಿಸಬೇಕಾದವರು ನಿಮ್ಮ ಡಾಕ್ಟರು. ಸ್ನಾಯು ಸಡಿಲ ಮಾಡೋ ಮಾತ್ರೆ ತಿಂದರೆ ನಿದ್ದೆ ಬರುತ್ತೆ, ಅದನ್ನ ನಿಮಗೆ ಕಟ್ಟಿಕೊಡಲ್ಲ. ಈ ಕಾಗದವನ್ನ ನಿಮ್ಮ ಬೆನ್ನ ಹಿಂದೆ ನಾನು ಯಾರಿಗೂ ಕಳಿಸಲ್ಲ. ನಿಮ್ಮ ಕೈಗೇ ಕೊಡ್ತೀನಿ. ಆದರೆ ಬರೆದಿದ್ದನ್ನ ಬರೆದಿಲ್ಲ ಅನ್ನಲ್ಲ."

ಅವರು ಎದ್ದು ನಿಂತರು. ಆವತ್ತು ಮೊದಲ ಸಲ ನಿಜವಾಗಿಯೂ ಹಲ್ಲು ಕಡಿದರು, ಸದ್ದು ನನಗೆ ಕೇಳಿಸಿತು, ಅದೂ ನನ್ನ ಮೇಲೆ. ಗಾರ್ಡಿನ ಡಬ್ಬಿಯನ್ನೂ ಕಾಗದವನ್ನೂ ಒಂದೇ ಕವರಿಗೆ ಹಾಕಿ ಚಾಚಿದೆ. ತೆಗೆದುಕೊಂಡರು. ಬರ್ತೀನಿ ಎನ್ನಲಿಲ್ಲ.

ಆಮೇಲೆ ತಿಂಗಳಾದರೂ ಸುದ್ದಿಯಿಲ್ಲ. ಒಂದು ಹರಾಜಿನ ದಿನ ತಾಯಿ ಕೈಚೀಲದಲ್ಲಿ ನಾಲ್ಕು ಉಂಡೆ ಕೊಬ್ಬರಿ ಹಾಕಿಕೊಂಡು ಬಂದು ಮೇಜಿನ ಮೇಲಿಟ್ಟರು. "ಇಮಾನ ಹತ್ತಿಸ್ತಿಲ್ವಂತೆ ಕಣಮ್ಮ. ನಿಮ್ಮ ಕಾಗದ ಕೊಟ್ಟನಂತೆ. ಆ ಅದೇನೋ ಕೋರ್ಸೂ ಹೋಯ್ತಂತೆ. ಆಪೀಸಲ್ಲಿ ಕೂರ್ಸವ್ರೆ," ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಟುಹೋದರು. ಆ ಕೊಬ್ಬರಿ ಎಷ್ಟೋ ದಿನ ಮನೆಯ ಡಬ್ಬಿಯಲ್ಲೇ ಇತ್ತು, ತಿನ್ನಲು ಮನಸ್ಸು ಬರಲಿಲ್ಲ. ಮೂರು ವರ್ಷ ಕಾದವನ ಬಾಯಿಗೆ ಮಣ್ಣು ಹಾಕಿದೆನೇ ಎಂದು ಕೆಲಸದ ನಡುವೆ ಕೈ ನಿಲ್ಲುತ್ತಿತ್ತು. ಇದೇ ಇನ್ನೊಮ್ಮೆ ಬಂದರೂ ಅದನ್ನೇ ಬರೆಯುತ್ತಿದ್ದೆ, ಅದೂ ಗೊತ್ತಿತ್ತು. ಗೊತ್ತಿದ್ದರಿಂದ ಸಮಾಧಾನವೇನೂ ಆಗಲಿಲ್ಲ.

ಇನ್ನೂ ಎರಡು ತಿಂಗಳು ಕಳೆದ ಮೇಲೆ, ಒಂದು ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಹೊತ್ತಿಗೆ ಆ ತಾಯಿ ಮೆಟ್ಟಿಲ ಮೇಲೆ ಕೂತಿದ್ದರು. ಹರಾಜಿನ ದಿನವಲ್ಲ. ಕೈಯಲ್ಲಿ ಫೋನು.

"ನಂದೇ ಹಲ್ಲು ನೋಡಿ ಇವತ್ತು. ಈ ಕಡೆ ಪಕ್ಕ ಸಿಡೀತೈತೆ."

ಕುರ್ಚಿಯಲ್ಲಿ ಕೂರಿಸಿ ಕನ್ನಡಿ ಹಿಡಿದೆ. ವಯಸ್ಸಿಗೆ ಮೀರಿದ ಗಟ್ಟಿ ಹಲ್ಲುಗಳು. ಹುಳುಕಿಲ್ಲ, ಸೀಳಿಲ್ಲ, ಒಸಡು ಚೆನ್ನಾಗಿದೆ. ಈ ಸಲ ಕೊಬ್ಬರಿಯ ಮಾತೆತ್ತಲಿಲ್ಲ. ಕನ್ನಡಿ ಇಟ್ಟು ಕೆನ್ನೆಯ ಮೇಲೆ ಬೆರಳಿಟ್ಟೆ. ದವಡೆಯ ಮೂಲೆಗಿಂತ ಒಂದು ಬೆರಳು ಮೇಲೆ ಅದೇ ಗಂಟು, ಮಗನಿಗಿಂತ ಗಟ್ಟಿ, ಮಗನಿಗಿಂತ ಹಳೆಯದು. ನಾಲಿಗೆಯ ಅಂಚಿನಲ್ಲಿ ಅದೇ ಹಲ್ಲಚ್ಚು. ಬಾಯಿಗೆ ಒತ್ತಿಕೊಂಡ ಆ ಸೆರಗನ್ನು ನಾನು ಮೊದಲ ದಿನದಿಂದ ನೋಡಿದ್ದೆ, ಅದರ ಹಿಂದೆ ಕಚ್ಚಿಕೊಂಡಿದ್ದ ಹಲ್ಲನ್ನು ನೋಡಿರಲಿಲ್ಲ.

"ಎಷ್ಟು ದಿನದಿಂದ ಅಮ್ಮ ಇದು?"

"ಅವ್ನು ಮ್ಯಾಲಕ್ಕೋಗಕ್ಕೆ ಸುರು ಮಾಡ್ದಾಗ್ಲಿಂದ ಅನ್ಕೋ," ಎಂದರು. "ಮಧ್ಯ ಕೆಳಗೆ ಕೂರ್ಸಿದ್ರಲ್ಲ, ಆಗ ಕಮ್ಮಿಯಾಗಿತ್ತು. ನಿನ್ನೆ ರಾತ್ರಿ ಫೋನ್ ಮಾಡ್ದ. ಅವರ ಡಾಕ್ಟ್ರು ಒಪ್ಪವ್ರಂತೆ, ಇವತ್ತು ಹಾರ್ತಾನಂತೆ. ಇಳುದ್ಮ್ಯಾಲೆ ಫೋನ್ ಮಾಡ್ತೀನಿ ಅಂದವ್ನೆ."

ಮಗನಿಗೆ ಹೇಳಿಕೊಟ್ಟ ಹಾಗೆ ಅವರ ಕೈಯನ್ನು ಅವರ ಕೆನ್ನೆಯ ಮೇಲಿಟ್ಟೆ. "ನಿಮ್ಮ ಮಾತೇ ಅಮ್ಮ ಇದಕ್ಕೆ ಔಷಧಿ. ಬುಡು ಅನ್ನಿ."

"ಈಗ ಬ್ಯಾಡ," ಎಂದರು. ಕೆನ್ನೆ ಇನ್ನೂ ಬಿಗಿಯಿತು. "ಅವ್ನು ಇಳೀಲಿ ತಡಿ. ಆಮ್ಯಾಲೆ ಅಂತೀನಿ."

ಹೊರಗೆ ಬೆಂಚಿನಲ್ಲಿ ಹೋಗಿ ಕೂತರು. ಒಂದು ಹಲ್ಲು ಕಿತ್ತೆ, ಇನ್ನೊಬ್ಬರಿಗೆ ಸಿಮೆಂಟು ತುಂಬಿದೆ, ಒಂದು ಮಗುವಿನ ಬಾಯಿ ನೋಡಿದೆ. ಪ್ರತಿ ಸಲ ಬಾಗಿಲು ತೆರೆದಾಗಲೂ ಅವರು ಅದೇ ಭಂಗಿಯಲ್ಲಿ, ಫೋನನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದರು. ಹನ್ನೊಂದೂವರೆಯ ಸುಮಾರಿಗೆ ಹೊರಗಿನಿಂದ ಅವರ ಗಾಬರಿಯ ದನಿ ಕೇಳಿಸಿತು. "ಏನ್ ಬುಟ್ಯೋ? ಮ್ಯಾಲಿದ್ಕಂಡು ಏನ್ಲಾ ಬುಟ್ಟೆ?"

ಫೋನ್ ಹಿಡಿದುಕೊಂಡೇ ಒಳಗೆ ನುಗ್ಗಿದರು. "ಡಾಕ್ಟ್ರಮ್ಮ, ತಿರುಗ್ಸುವಾಗ ಬುಡು ಅಂದು ಬುಟ್ನಂತೆ! ಸ್ಟೇರಿಂಗ್ ಬುಟ್ಬುಟ್ನಾ ಏನ್ ಕತೆ?"

"ಹಲ್ಲು ಕಣಮ್ಮ," ಎಂದೆ. "ಹಲ್ಲು ಬುಟ್ಟಿದ್ದು."

ಫೋನಿನೊಳಗಿಂದ ಮಗ ಜೋರಾಗಿ ನಗುವುದು ನನಗೂ ಕೇಳಿಸಿತು. "ಇಳುದ್ಯಾ? ನೆಲದ ಮ್ಯಾಲಿದ್ದೀಯಾ ಈಗ?" ಎಂದು ತಾಯಿ ಎರಡು ಸಲ ಕೇಳಿದರು. ಅವರು ಎರಡು ಸಲವೂ ಹೌದೆಂದರು. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ನನ್ನ ರೋಗಿ ಇದನ್ನೆಲ್ಲ ಕಣ್ಣು ಬಿಟ್ಟು ನೋಡುತ್ತಿದ್ದ.

ತಾಯಿ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಸ್ಟೂಲ್ ಎಳೆದು ನನ್ನ ಮುಂದೆ ಕೂತು, ಸೆರಗು ಸರಿಸಿ, ಕೆನ್ನೆಯನ್ನು ನನ್ನ ಕಡೆ ತಿರುಗಿಸಿದರು.

"ಬುಡು," ಎಂದರು. "ಈಗ ನೋಡು."